ಎಂಜಿನ್ ನಡುಗಿದರೆ ಕಾರಿನೊಳಗೆ ಸದ್ದೇಕೆ?



ಓದುವ ಮೊದಲು ಒಂದು ಸಣ್ಣ ಪ್ರಯೋಗ ಮಾಡೋಣ. ನಿಮ್ಮ ಮನೆಯಲ್ಲಿ ಪೆಟ್ರೋಲ್ ಅಥವಾ ಡೀಸೆಲ್ ಕಾರಿದ್ದರೆ ಅಪ್ಪನನ್ನೋ ಅಮ್ಮನನ್ನೋ ಕರೆದುಕೊಂಡು ಹೋಗಿ ಎಂಜಿನ್ ಸ್ಟಾರ್ಟ್ ಮಾಡಿಸಿ. (ಗ್ಯಾರೇಜಿನ ಒಳಗೆ ಬೇಡ, ಹೊಗೆ ವಿಷ. ಹೊರಗೆ ರಸ್ತೆ ಬದಿಯಲ್ಲಿ ಮಾಡಿ.) ಒಂದು ಲೋಟದಲ್ಲಿ ಅರ್ಧ ನೀರು ಹಾಕಿ ಸೀಟಿನ ಪಕ್ಕ ಇಡಿ. ನೀರಿನ ಮೇಲೆ ಸಣ್ಣ ಸಣ್ಣ ಉಂಗುರಗಳು ಕಾಣಬಹುದು. ಈಗ ಕಿಟಕಿ ಗಾಜಿಗೆ ಬೆರಳಿನ ತುದಿ ತಾಗಿಸಿ. ಅದೂ ನಡುಗುತ್ತಿರುತ್ತದೆ. ಎಂಜಿನ್ ಇರುವುದು ಮುಂದೆ ಬಾನೆಟ್ ಕೆಳಗೆ, ಗಾಜು ಇರುವುದು ನಿಮ್ಮ ಪಕ್ಕ. ನಡುಕ ಅಲ್ಲಿಂದ ಇಲ್ಲಿಗೆ ಹೇಗೆ ಬಂತು?

ಈ ಪ್ರಶ್ನೆ ನನಗೆ ಬಂದದ್ದು ಫಿಸಿಕ್ಸ್ ಕ್ಲಾಸಿನಿಂದ ಅಲ್ಲ, ನನ್ನ ಅಜ್ಜನಿಂದ. ಅಜ್ಜ ತೀರ್ಥಹಳ್ಳಿ–ಕೊಪ್ಪ ಕಡೆ ಬಸ್ ಓಡಿಸುತ್ತಿದ್ದರು. ಅವರ ಎಡಗಿವಿ ಸರಿಯಾಗಿ ಕೇಳುವುದಿಲ್ಲ. ರಜೆಗೆ ಊರಿಗೆ ಹೋದಾಗ ನಾನು ಅವರ ಎಡಗಡೆ ಕೂತು ಮಾತು ಶುರು ಮಾಡಿದರೆ, "ಆ ಕಡೆ ಕೂತು ಮಾತಾಡ್ಬೇಡ ಪುಟ್ಟಿ, ಅದು ಎಂಜಿನ್ ಕಿವಿ. ಈ ಕಡೆ ಬಾ" ಅನ್ನುತ್ತಾರೆ. ಊರಿನ ಹಳೇ ಬಸ್ಸುಗಳನ್ನು ನೋಡಿದವರಿಗೆ ಇದು ಕೂಡಲೇ ಅರ್ಥವಾಗುತ್ತದೆ. ಡ್ರೈವರ್ ಬಲಗಡೆ ಕೂರುತ್ತಾರೆ, ಅವರ ಎಡ ಮೊಣಕೈ ಪಕ್ಕದಲ್ಲೇ ಎಂಜಿನ್. ಅದರ ಮೇಲೆ ರೆಕ್ಸಿನ್ ಹೊದಿಸಿದ ಒಂದು ಮುಚ್ಚಳ. ಬಸ್ ತುಂಬಿದಾಗ ಆ ಮುಚ್ಚಳದ ಮೇಲೂ ಜನ ಕೂರುತ್ತಾರೆ. ಚಳಿಗಾಲದಲ್ಲಿ ಅದು ಒಳ್ಳೆಯ ಜಾಗ, ಬೇಸಿಗೆಯಲ್ಲಿ ಅಲ್ಲ. ಡಾಕ್ಟರು ಅಜ್ಜನಿಗೆ, ವಯಸ್ಸಿನ ಪಾಲು ಸ್ವಲ್ಪ, ಸದ್ದಿನ ಪಾಲು ಸ್ವಲ್ಪ ಎಂದರಂತೆ.

ನಾವು ಇಲ್ಲಿ ಬರ್ಮಿಂಗ್‌ಹ್ಯಾಮ್ ಹತ್ತಿರ ಇದ್ದೇವೆ. ನಮ್ಮ ಕಾರಿನಲ್ಲಿ ಹೋಗುವಾಗ ಹಿಂದಿನ ಸೀಟಿನಲ್ಲಿ ನನ್ನ ತಮ್ಮ ಪಿಸುಗುಟ್ಟಿದರೂ ಮುಂದೆ ಕೇಳುತ್ತದೆ. ಅಜ್ಜನ ಬಸ್ಸಿನಲ್ಲಿ ಕಂಡಕ್ಟರ್ ಸೀಟಿ ಊದದೆ ಬೇರೆ ದಾರಿಯೇ ಇರಲಿಲ್ಲ. ಎರಡರಲ್ಲೂ ಇರುವುದು ಎಂಜಿನ್ನೇ. ಹಾಗಾದರೆ ನಡುವೆ ಏನಾಯಿತು ಎಂದು ಹುಡುಕುತ್ತಾ ಹೋದೆ. ಹುಡುಕುತ್ತಾ ಹೋದರೆ ಕಥೆಯ ಮೊದಲ ಅಧ್ಯಾಯ ನಮ್ಮ ಮನೆಯಿಂದ ಕೆಲವೇ ಮೈಲಿ ದೂರದಲ್ಲಿ ನಡೆದಿದೆ ಎಂದು ಗೊತ್ತಾಯಿತು!

ಮೊದಲು ಸದ್ದು ಬರುವ ದಾರಿ ನೋಡೋಣ. ದಾರಿಗಳು ಎರಡು. ಒಂದು ಗಾಳಿಯ ದಾರಿ: ಎಂಜಿನ್ ಸದ್ದು ಮಾಡುತ್ತದೆ, ಅದು ಗಾಳಿಯಲ್ಲಿ ಬಂದು ಸಂದುಗಳಿಂದ ಒಳಗೆ ನುಗ್ಗುತ್ತದೆ. ಇನ್ನೊಂದು ಲೋಹದ ದಾರಿ. ಇದನ್ನು ತಂಬೂರಿಯಿಂದ ಚೆನ್ನಾಗಿ ತಿಳಿಯಬಹುದು. ಬರೀ ತಂತಿಯನ್ನು ಎರಡು ಮೊಳೆಗಳ ನಡುವೆ ಬಿಗಿದು ಮೀಟಿದರೆ ಹೆಚ್ಚು ಕೇಳುವುದಿಲ್ಲ. ತಂತಿ ತೆಳ್ಳಗಿದೆ, ಅದು ಗಾಳಿಯನ್ನು ಸರಿಯಾಗಿ ತಳ್ಳಲಾರದು. ತಂಬೂರಿಯಲ್ಲಿ ಆ ತಂತಿ ಕುದುರೆಯ ಮೇಲೆ ಕೂತಿರುತ್ತದೆ. ಕುದುರೆ ನಡುಕವನ್ನು ಬುರುಡೆಗೆ ಕೊಡುತ್ತದೆ, ಬುರುಡೆಯ ದೊಡ್ಡ ಮೈ ಗಾಳಿಯನ್ನು ತಳ್ಳುತ್ತದೆ, ಆಗ ಕೋಣೆ ತುಂಬಾ ಕೇಳುತ್ತದೆ. ಕಾರಿನಲ್ಲಿ ಎಂಜಿನ್ ತಂತಿ. ಎಂಜಿನ್ನನ್ನು ಕಾರಿಗೆ ಹಿಡಿದಿಡುವ ಬೋಲ್ಟುಗಳು ಕುದುರೆ. ನೆಲದ ತಗಡು, ಛಾವಣಿ, ಬಾಗಿಲು, ಗಾಜು ಎಲ್ಲವೂ ಬುರುಡೆ. ನಾವು ಕೂತಿರುವುದು ಬುರುಡೆಯ ಒಳಗೆ!

ಇನ್ನೊಂದು ತೊಂದರೆ ಇದೆ. ಕಾರಿನ ಒಳಗಿರುವ ಗಾಳಿಗೂ ಅದರದ್ದೇ ಒಂದು ಸ್ವರ ಇರುತ್ತದೆ, ಖಾಲಿ ಬಾಟಲಿಯ ಬಾಯಿಗೆ ಊದಿದರೆ ಒಂದೇ ಸ್ವರ ಬರುವ ಹಾಗೆ. ಒಳಗಿನ ಉದ್ದ ಸುಮಾರು 2.5 ಮೀಟರ್ ಎಂದುಕೊಳ್ಳಿ. ಸದ್ದಿನ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಉದ್ದದ ಎರಡರಷ್ಟರಿಂದ, ಅಂದರೆ 5ರಿಂದ, ಭಾಗಿಸಿದರೆ 68 ಬರುತ್ತದೆ. ಸೆಕೆಂಡಿಗೆ 68 ಸಲ ಯಾರಾದರೂ ಈ ಗಾಳಿಯನ್ನು ತಳ್ಳಿದರೆ ಅದು ಗುಂಯ್ ಎನ್ನುತ್ತದೆ. ನಾಲ್ಕು ಸಿಲಿಂಡರ್ ಎಂಜಿನ್ ಒಂದು ಸುತ್ತಿಗೆ ಎರಡು ಸಲ ನಡುಗುತ್ತದೆ (ಯಾಕೆ ಎಂದು ಈಗಲೇ ಹೇಳುತ್ತೇನೆ). ಅಂದರೆ ಸೆಕೆಂಡಿಗೆ 34 ಸುತ್ತು, ನಿಮಿಷಕ್ಕೆ 2040 ಸುತ್ತು. ನಮ್ಮ ಹಳೇ ಕಾರಿನಲ್ಲಿ ಮುಳ್ಳು 2000 ದಾಟುವಾಗ ಕಿವಿಗೆ ಹತ್ತಿ ತುರುಕಿದ ಹಾಗೆ ಒಂದು ಗುಂಯ್ ಬರುತ್ತದೆ, 2300ಕ್ಕೆ ಹೋದರೆ ಮಾಯ. ಈ ಲೆಕ್ಕ ಮಾಡಿದ ದಿನ ನನಗೆ ಎಷ್ಟು ಖುಷಿಯಾಯಿತೆಂದರೆ ಅಪ್ಪನನ್ನು ರಾತ್ರಿ ಒಂಬತ್ತಕ್ಕೆ ಕಾರು ಹೊರಗೆ ತೆಗೆಯುವಂತೆ ಮಾಡಿದೆ. ನಿಮ್ಮ ಕಾರಿನಲ್ಲಿ ಅಂಕಿ ಸ್ವಲ್ಪ ಬೇರೆ ಬರಬಹುದು, ಒಳಗಿನ ಆಕಾರದ ಮೇಲೆ ಹೋಗುತ್ತದೆ.

ಈಗ ಆ 'ಎರಡು ಸಲ'ದ ವಿಷಯ. ನಾಲ್ಕು ಸಿಲಿಂಡರ್ ಎಂಜಿನ್ನಿನಲ್ಲಿ ಎರಡು ಪಿಸ್ಟನ್ ಮೇಲೆ ಹೋಗುವಾಗ ಎರಡು ಕೆಳಗೆ ಬರುತ್ತವೆ. ತಕ್ಕಡಿಯ ಹಾಗೆ ಸಮ ಆಗಬೇಕಲ್ಲವೇ? ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಪಿಸ್ಟನ್‌ಗೂ ಕ್ರ್ಯಾಂಕ್‌ಗೂ ನಡುವೆ ಒಂದು ರಾಡ್ ಇದೆ, ಅದು ಓರೆಯಾಗುತ್ತದೆ. ಗೋಡೆಗೆ ಒರಗಿಸಿದ ಏಣಿಯ ಬುಡ ಎಳೆದರೆ ಏಣಿಯ ತುದಿ ಕೆಳಗೆ ಜಾರುತ್ತದಲ್ಲ, ಹಾಗೆ. ಒಂದು ಉದಾಹರಣೆ ತೆಗೆದುಕೊಳ್ಳಿ: ಕ್ರ್ಯಾಂಕ್‌ನ ತೋಳು 4 ಸೆಂ.ಮೀ., ರಾಡ್ 14 ಸೆಂ.ಮೀ. ಪಿಸ್ಟನ್ ಮೇಲಿನಿಂದ ಕೆಳಗೆ ಒಟ್ಟು 8 ಸೆಂ.ಮೀ. ಓಡಾಡುತ್ತದೆ. ಕಾಲು ಸುತ್ತು ತಿರುಗಿದಾಗ ಅದು 4 ಸೆಂ.ಮೀ. ಇಳಿದಿರಬೇಕು ಅನ್ನಿಸುತ್ತದೆ. ಪೈಥಾಗೊರಸ್ ಲೆಕ್ಕ ಹಾಕಿ ನೋಡಿ, ಸುಮಾರು 4.6 ಸೆಂ.ಮೀ. ಇಳಿದಿರುತ್ತದೆ. ಅದೇ ಹೊತ್ತಿಗೆ ಕೆಳಗಿನಿಂದ ಹೊರಟ ಜೋಡಿ 3.4 ಸೆಂ.ಮೀ. ಮಾತ್ರ ಏರಿರುತ್ತದೆ. ಅಂದರೆ ನಾಲ್ಕೂ ಪಿಸ್ಟನ್‌ಗಳು ಈಗ ಒಂದೇ ಮಟ್ಟದಲ್ಲಿವೆ, ಆದರೆ ಆ ಮಟ್ಟ ನಡುಮಧ್ಯಕ್ಕಿಂತ ಅರ್ಧ ಸೆಂ.ಮೀ.ಗಿಂತ ಸ್ವಲ್ಪ ಹೆಚ್ಚು ಕೆಳಗೆ. ಇನ್ನು ಕಾಲು ಸುತ್ತು ಹೋದರೆ ಮತ್ತೆ ಸರಿ. ಹೀಗೆ ಒಂದು ಸುತ್ತಿನಲ್ಲಿ ಎರಡು ಸಲ ಎಲ್ಲ ಪಿಸ್ಟನ್‌ಗಳ ಭಾರ ಒಟ್ಟಾಗಿ ಸ್ವಲ್ಪ ಕೆಳಗೆ ಹೋಗಿ ಮೇಲೆ ಬರುತ್ತದೆ. ಅದಕ್ಕೆ ಉತ್ತರವಾಗಿ ಎಂಜಿನ್ ಮೇಲೆ ಕೆಳಗೆ ಕುಣಿಯುತ್ತದೆ. ಇಂಧನ ಉರಿಯುವ ಪೆಟ್ಟೂ ಸುತ್ತಿಗೆ ಎರಡು ಸಲವೇ ಬೀಳುವುದರಿಂದ ಎರಡೂ ಸೇರಿಕೊಳ್ಳುತ್ತವೆ. ಇದು ಕೆಟ್ಟ ಎಂಜಿನ್ನಿನ ದೋಷ ಅಲ್ಲ. ಎಷ್ಟೇ ಚೆನ್ನಾಗಿ ಮಾಡಿದರೂ ಹೀಗೇ.

ಇದನ್ನು ಬಹಳ ಮೊದಲೇ ಲೆಕ್ಕ ಹಾಕಿ ಕಂಡವರಲ್ಲಿ ಒಬ್ಬರು ಫ್ರೆಡರಿಕ್ ವಿಲಿಯಂ ಲ್ಯಾಂಚೆಸ್ಟರ್. 1868ರಲ್ಲಿ ಲಂಡನ್‌ನಲ್ಲಿ ಹುಟ್ಟಿದವರು. ಕಾಲೇಜಿಗೆ ಹೋದರು, ಡಿಗ್ರಿ ಮಾತ್ರ ಪಡೆಯಲಿಲ್ಲ. ಬರ್ಮಿಂಗ್‌ಹ್ಯಾಮಿನ ಸಾಲ್ಟ್ಲಿಯಲ್ಲಿ ಗ್ಯಾಸ್ ಎಂಜಿನ್ ಮಾಡುವ ಒಂದು ಕಂಪನಿಗೆ ಕೆಲಸಕ್ಕೆ ಸೇರಿದರು. ಅಲ್ಲಿದ್ದಾಗಲೇ ತಲೆಯಲ್ಲಿ ಕಾರಿನ ಯೋಚನೆ. 1895ರಲ್ಲಿ ಒಂದು ಕಾರು ಕಟ್ಟಿದರು, 1896ರ ಆರಂಭದಲ್ಲಿ ಅದು ರಸ್ತೆಗೆ ಇಳಿಯಿತು. ಬ್ರಿಟನ್ನಿನಲ್ಲೇ ಯೋಚಿಸಿ ಕಟ್ಟಿದ ನಾಲ್ಕು ಚಕ್ರದ ಪೆಟ್ರೋಲ್ ಕಾರುಗಳಲ್ಲಿ ಅದೇ ಮೊದಲನೆಯದು ಎಂದು ಹಲವರು ಹೇಳುತ್ತಾರೆ. ನೆಚೆಲ್ಸ್ ಕಡೆ ಹೋದರೆ ಆ ಕಾರಿನ ಒಂದು ಸ್ಮಾರಕ ಇದೆ. ನಾನು ಎಷ್ಟೋ ಸಲ ಅದರ ಪಕ್ಕದಲ್ಲೇ ಹೋಗಿದ್ದೆ, ಯಾವುದೋ ಅಲಂಕಾರದ ಶಿಲ್ಪ ಅಂದುಕೊಂಡಿದ್ದೆ.

ಆ ಮೊದಲ ಕಾರಿಗೆ ಒಂದೇ ಸಿಲಿಂಡರ್. ಅದು ಎಷ್ಟು ಅಲುಗಾಡಿರಬೇಕು ಎಂದು ಬುಲೆಟ್ ಬೈಕ್ ಹತ್ತಿದವರು ಊಹಿಸಬಹುದು. (ನಮ್ಮ ಮಾವನಿಗೆ ಬುಲೆಟ್ ನಡುಕವೇ ಇಷ್ಟ, ಅದು ಬೇರೆ ವಿಷಯ.) ಆಗಿನ ಬೇರೆ ಕಾರು ತಯಾರಕರು ಹೆಚ್ಚಿನವರು ಅಲುಗಾಟವನ್ನು ಸಹಿಸಿಕೊಳ್ಳುವಂಥ ಗಟ್ಟಿ ಚೌಕಟ್ಟು ಮಾಡಿದರೆ, ಲ್ಯಾಂಚೆಸ್ಟರ್ ಅಲುಗಾಟವೇ ಹುಟ್ಟದ ಎಂಜಿನ್ ಮಾಡಲು ಹೊರಟರು. 1897ರಲ್ಲಿ ಮಾಡಿದ ಅವರ ಎರಡು ಸಿಲಿಂಡರ್ ಎಂಜಿನ್ ವಿಚಿತ್ರವಾಗಿದೆ. ಎರಡು ಸಿಲಿಂಡರ್‌ಗಳು ಎದುರುಬದುರಾಗಿ ಮಲಗಿವೆ. ಕ್ರ್ಯಾಂಕ್ ಒಂದಲ್ಲ, ಎರಡು, ಒಂದರ ಮೇಲೊಂದು. ಒಂದು ಈ ಕಡೆ ತಿರುಗಿದರೆ ಇನ್ನೊಂದು ಆ ಕಡೆ ತಿರುಗುತ್ತದೆ. ಎರಡು ಪಿಸ್ಟನ್‌ಗೆ ಆರು ರಾಡ್! ಒಂದು ಕ್ರ್ಯಾಂಕ್ ಹುಟ್ಟಿಸುವ ತಳ್ಳಾಟವನ್ನು ಇನ್ನೊಂದು ತಿನ್ನುತ್ತದೆ. ಚಿತ್ರ ನೋಡಿದರೆ ಗಡಿಯಾರ ರಿಪೇರಿ ಮಾಡುವವರು ಕಾರು ಮಾಡಿದ ಹಾಗಿದೆ. ಓಡಿಸಿದವರು ಮೆಚ್ಚಿದರು, ಆದರೆ ಮಾಡಲು ಕಷ್ಟ, ಬೆಲೆ ಜಾಸ್ತಿ. 1899ರ ಕೊನೆಗೆ ಶುರುವಾದ ಅವರ ಕಂಪನಿ 1904ರಲ್ಲೇ ಸಾಲಗಾರರ ಕೈಗೆ ಹೋಯಿತು, ಮತ್ತೆ ಹೊಸದಾಗಿ ಕಟ್ಟಬೇಕಾಯಿತು.

ಆ ಕಾರು ಕೊಂಡವರು ಯಾರು ಎಂದು ನೋಡಿದೆ. ಮುಂಬೈಯಲ್ಲಿ ಹುಟ್ಟಿದ ಬರಹಗಾರ ರಡ್ಯರ್ಡ್ ಕಿಪ್ಲಿಂಗ್ ಒಬ್ಬರು. ಮುಂದೆ ಭಾರತದ ಮಹಾರಾಜರು. ಕ್ರಿಕೆಟ್ ಆಡುವ ರಣಜಿ ಹೆಸರು ನಿಮಗೆ ಗೊತ್ತಲ್ಲ, ನವಾನಗರದ ಆ ಮಹಾರಾಜರ ಹತ್ತಿರ ಹಲವು ಲ್ಯಾಂಚೆಸ್ಟರ್ ಕಾರುಗಳಿದ್ದವು. ಅಲ್ವರ್ ಮಹಾರಾಜರು 1924ರಲ್ಲಿ ಒಂದು ಲ್ಯಾಂಚೆಸ್ಟರ್ ಮಾಡಿಸಿಕೊಂಡರು, ಅದರ ಹಿಂಭಾಗ ಥೇಟ್ ರಾಜರ ಕುದುರೆ ಸಾರೋಟಿನ ಹಾಗಿತ್ತು. ಸಾರೋಟಿನಲ್ಲಿ ಕೂತ ಅನುಭವವೇ ಬೇಕು, ಎಂಜಿನ್ ಇದೆ ಎಂದು ಗೊತ್ತಾಗಬಾರದು! ಆ ಕಾಲದಲ್ಲಿ ನಿಶ್ಶಬ್ದ ಎಂಬುದು ದುಡ್ಡಿದ್ದವರು ಕೊಳ್ಳುವ ವಸ್ತು. ರೋಲ್ಸ್ ರಾಯ್ಸ್ 1907ರಲ್ಲಿ ಬೆಳ್ಳಿ ಬಣ್ಣ ಬಳಿದ ಒಂದು ಆರು ಸಿಲಿಂಡರ್ ಕಾರಿಗೆ 'ಸಿಲ್ವರ್ ಗೋಸ್ಟ್' ಎಂದು ಹೆಸರಿಟ್ಟದ್ದೂ ಅದಕ್ಕೇ, ದೆವ್ವದ ಹಾಗೆ ಸದ್ದಿಲ್ಲದೆ ಬರುತ್ತದೆ ಎಂದು.

ಆರು ಸಿಲಿಂಡರ್ ಸಾಲಾಗಿ ಇಟ್ಟರೆ ನಾನು ಮೇಲೆ ಹೇಳಿದ ಕುಣಿತ ಇರುವುದಿಲ್ಲ, ಮೂರು ಜೋಡಿಗಳು ಒಂದನ್ನೊಂದು ಸರಿಮಾಡುತ್ತವೆ. ಆದರೆ ಕ್ರ್ಯಾಂಕ್ ಉದ್ದವಾಯಿತು. ಉದ್ದವಾದ ಕ್ರ್ಯಾಂಕ್ ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಂಡು ಬಿಡಿಸಿಕೊಳ್ಳುತ್ತದೆ. ಒಂದು ವೇಗದಲ್ಲಿ ಈ ತಿರುಚಾಟ ಜೋರಾಗಿ ಕಾರೆಲ್ಲ ಗಡಗಡ ಅನ್ನುತ್ತದೆ, ಕೆಲವೊಮ್ಮೆ ಉಕ್ಕಿನ ಕ್ರ್ಯಾಂಕ್ ಮುರಿದೇ ಹೋಗುತ್ತದೆ. 1909ರಲ್ಲಿ ಡೈಮ್ಲರ್ ಕಂಪನಿ ಲ್ಯಾಂಚೆಸ್ಟರ್ ಅವರನ್ನು ಸಲಹೆಗಾರರಾಗಿ ಕರೆಯಿತು. ಅವರು ಕ್ರ್ಯಾಂಕ್‌ನ ತುದಿಗೆ ಒಂದು ಸಣ್ಣ ಚಕ್ರ ಜೋಡಿಸಿದರು. ಅದನ್ನು ಬಿಗಿಯಾಗಿ ಕಟ್ಟಲಿಲ್ಲ, ಎಣ್ಣೆಯಲ್ಲಿ ಮುಳುಗಿದ ಬಿಲ್ಲೆಗಳ ನಡುವೆ ಸ್ವಲ್ಪ ಜಾರಲು ಬಿಟ್ಟರು. ಕ್ರ್ಯಾಂಕ್ ತಿರುಚಿಕೊಂಡಾಗ ಚಕ್ರ ಹಿಂದೆ ಉಳಿಯುತ್ತದೆ, ಎಣ್ಣೆ ಉಜ್ಜುತ್ತದೆ, ನಡುಕ ಬಿಸಿಯಾಗಿ ಹೋಗಿಬಿಡುತ್ತದೆ. ನಾಲ್ಕು ಸಿಲಿಂಡರ್‌ನ ಕುಣಿತಕ್ಕೂ ಅವರು ಅದೇ ಕಾಲದಲ್ಲಿ ಒಂದು ಉಪಾಯ ಕಂಡುಹಿಡಿದರು. ಎರಡು ಸಣ್ಣ ದಂಡಗಳು, ಒಂದೊಂದಕ್ಕೂ ಒಂದೇ ಬದಿಯಲ್ಲಿ ಭಾರ. ಎರಡೂ ವಿರುದ್ಧ ದಿಕ್ಕಿಗೆ ತಿರುಗುತ್ತವೆ, ಕ್ರ್ಯಾಂಕ್ ಒಂದು ಸುತ್ತು ಹಾಕುವಾಗ ಇವು ಎರಡು ಸುತ್ತು. ಎಡಬಲದ ತಳ್ಳಾಟವನ್ನು ಇವು ತಮ್ಮಲ್ಲೇ ಮುಗಿಸಿಕೊಳ್ಳುತ್ತವೆ. ಉಳಿಯುವುದು ಮೇಲೆ ಕೆಳಗಿನ ತಳ್ಳು, ಅದು ಪಿಸ್ಟನ್‌ಗಳ ಕುಣಿತಕ್ಕೆ ಸರಿಯಾಗಿ ಎದುರು. ನಡುಕಕ್ಕೆ ನಡುಕವೇ ಮದ್ದು.

ಇಷ್ಟು ಚಂದದ ಉಪಾಯವನ್ನು ಎಲ್ಲರೂ ತೆಗೆದುಕೊಂಡಿರಬೇಕು ಅಲ್ಲವೇ? ಇಲ್ಲ. ಕೆಲವೇ ಕಾರುಗಳು ಬಳಸಿದವು. ಸಾಮಾನ್ಯ ಜನರ ಕಾರಿಗೆ ಗೇರು, ಬೇರಿಂಗು, ಎರಡು ಹೆಚ್ಚಿನ ದಂಡ ಎಂದರೆ ದುಬಾರಿ. ದುಬಾರಿ ಕಾರು ಮಾಡುವವರು ಸಿಲಿಂಡರ್‌ಗಳನ್ನೇ ಹೆಚ್ಚಿಸಿಕೊಂಡರು.

ಸಾಮಾನ್ಯರ ಕಾರಿಗೆ ಬಂದ ಉತ್ತರ ಬೇರೆಯದೇ. ಅದು 1931ರ ಅಮೆರಿಕ, ಆರ್ಥಿಕ ಕುಸಿತದ ನಡುವೆ. ಕೆಲಸವಿಲ್ಲದ ಜನ ಕಾರು ಕೊಳ್ಳುವುದನ್ನೇ ಬಿಟ್ಟಿದ್ದರು. ಆರು, ಎಂಟು ಸಿಲಿಂಡರ್ ಕಾರಿಗೆ ದುಡ್ಡಿಲ್ಲ, ನಾಲ್ಕು ಸಿಲಿಂಡರ್ ಅಂದರೆ ಗಡಗಡ. ಆಗ ಕ್ರೈಸ್ಲರ್ ಕಂಪನಿಯ ಎಂಜಿನಿಯರ್‌ಗಳು ಎಂಜಿನ್ ಒಳಗೆ ಕೈ ಹಾಕಲಿಲ್ಲ, ಕುದುರೆಗೆ ಕೈ ಹಾಕಿದರು. ಅಲ್ಲಿಯವರೆಗೆ ಎಂಜಿನ್ನನ್ನು ಚೌಕಟ್ಟಿಗೆ ಮೂರೋ ನಾಲ್ಕೋ ಕಡೆ ಗಟ್ಟಿಯಾಗಿ ಬಿಗಿಯುವುದೇ ರೂಢಿ. ಬಿಗಿದಷ್ಟೂ ಒಳ್ಳೆಯದು ಎಂದು ನಂಬಿಕೆ. ಇವರು ಎರಡೇ ಕಡೆ, ದಪ್ಪ ರಬ್ಬರಿನ ಮೇಲೆ ಕೂರಿಸಿದರು. ಮುಂದಿನದು ಎತ್ತರದಲ್ಲಿ, ಹಿಂದಿನದು ಗೇರ್ ಪೆಟ್ಟಿಗೆಯ ಹಿಂದೆ ತಗ್ಗಿನಲ್ಲಿ. ಈ ಎರಡು ಜಾಗಗಳನ್ನು ಸೇರಿಸಿ ಒಂದು ಗೆರೆ ಎಳೆದರೆ ಅದು ಎಂಜಿನ್ನಿನ ಭಾರದ ಕೇಂದ್ರದ ಮೂಲಕ ಹೋಗುತ್ತದೆ. ಹಾಗಾಗಿ ಎಂಜಿನ್ ತೊಟ್ಟಿಲಿನ ಹಾಗೆ ಆ ಗೆರೆಯ ಸುತ್ತ ತಾನೇ ತೂಗಾಡಿಕೊಳ್ಳುತ್ತದೆ. ಅತಿಯಾಗಿ ತೂಗಾಡದಂತೆ ಪಕ್ಕದಲ್ಲಿ ಒಂದು ಸ್ಪ್ರಿಂಗ್ ಪಟ್ಟಿ. ಎಂಜಿನ್ ನಡುಗುವುದು ನಿಲ್ಲಲಿಲ್ಲ, ಮೊದಲಿಗಿಂತ ಹೆಚ್ಚೇ ನಡುಗುತ್ತಿತ್ತು! ಆದರೆ ಅದು ಬುರುಡೆಗೆ ತಲುಪುವುದು ಕಡಿಮೆಯಾಯಿತು. ಇದಕ್ಕೆ 'ಫ್ಲೋಟಿಂಗ್ ಪವರ್', ತೇಲುವ ಶಕ್ತಿ, ಎಂದು ಹೆಸರಿಟ್ಟು ಪ್ಲಿಮತ್ ಕಾರಿನಲ್ಲಿ ತಂದರು. ಎಂಟು ಸಿಲಿಂಡರಿನ ನಯ, ನಾಲ್ಕು ಸಿಲಿಂಡರಿನ ಖರ್ಚು ಎಂಬುದು ಅವರ ಜಾಹೀರಾತಿನ ಮಾತು.

ಈ ಕಾರಿನ ಬಗ್ಗೆ ಒಂದು ಘಟನೆ ನನಗೆ ತುಂಬ ಇಷ್ಟ. ವಾಲ್ಟರ್ ಕ್ರೈಸ್ಲರ್ ಕಾರ್ಖಾನೆಯಿಂದ ಬಂದ ಮೂರನೇ ಕಾರನ್ನು ತಾವೇ ಓಡಿಸಿಕೊಂಡು ಎದುರಾಳಿ ಹೆನ್ರಿ ಫೋರ್ಡ್ ಹತ್ತಿರ ಹೋದರು. ಫೋರ್ಡ್ ಮತ್ತು ಅವರ ಮಗ ಎಡ್ಸೆಲ್ ಇಬ್ಬರನ್ನೂ ಕೂರಿಸಿ ಒಂದು ಸುತ್ತು ಹಾಕಿಸಿದರು. ಆಮೇಲೆ ಕಾರನ್ನು ಅಲ್ಲೇ ಕೊಟ್ಟು ಟ್ಯಾಕ್ಸಿ ಹಿಡಿದು ಮನೆಗೆ ಹೋದರು. ಎಂಥ ಧೈರ್ಯ ನೋಡಿ! ಮರುವರ್ಷ 1932ರಲ್ಲಿ ಫೋರ್ಡ್ ಕಡಿಮೆ ಬೆಲೆಯ ಎಂಟು ಸಿಲಿಂಡರ್ ಕಾರು ತಂದರು, ಅದು ಅವರ ಉತ್ತರ. ಫ್ರಾನ್ಸಿನ ಸಿಟ್ರೋಎನ್ ಕಂಪನಿ ಕ್ರೈಸ್ಲರ್‌ನಿಂದ ಈ ಹಕ್ಕು ಕೊಂಡು, ತನ್ನ ಕಾರುಗಳ ಮುಂದೆ ನೀರಿನಲ್ಲಿ ತೇಲುವ ಹಂಸದ ಚಿತ್ರ ಹಾಕಿಕೊಂಡಿತು. ಇಂದಿಗೂ ಹೆಚ್ಚುಕಡಿಮೆ ಎಲ್ಲ ಕಾರುಗಳ ಎಂಜಿನ್ ರಬ್ಬರಿನ ಮೇಲೇ ಕೂತಿದೆ. ಆ ರಬ್ಬರ್ ಹಳತಾಗಿ ಬಿರುಕು ಬಿಟ್ಟಾಗಲೇ ಮೆಕ್ಯಾನಿಕ್ "ಎಂಜಿನ್ ಮೌಂಟ್ ಹೋಗಿದೆ" ಅನ್ನುವುದು.

ಅದೇ 1931ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಲ್ಯಾಂಚೆಸ್ಟರ್ ಕಂಪನಿಯನ್ನು ಬೇರೆಯವರು ಕೊಂಡುಕೊಂಡರು. ಫ್ರೆಡರಿಕ್ ಲ್ಯಾಂಚೆಸ್ಟರ್ ಅದರಿಂದ ಎಷ್ಟೋ ವರ್ಷ ಮೊದಲೇ ಹೊರಗೆ ಬಂದಿದ್ದರು. ವಿಮಾನದ ರೆಕ್ಕೆಗಳ ಬಗ್ಗೆಯೂ ಅವರು ದೊಡ್ಡ ಪುಸ್ತಕಗಳನ್ನು ಬರೆದಿದ್ದಾರೆ, ರಾಯಲ್ ಸೊಸೈಟಿ ಅವರನ್ನು ಸದಸ್ಯರನ್ನಾಗಿ ಮಾಡಿಕೊಂಡಿತ್ತು. ಆದರೂ ಕೊನೆಯ ದಿನಗಳಲ್ಲಿ ಕೈಯಲ್ಲಿ ಹಣವಿರಲಿಲ್ಲ, ಕಣ್ಣು ಮಂಜಾಗಿತ್ತು. ಪಾರ್ಕಿನ್ಸನ್ ಕಾಯಿಲೆಯೂ ಬಂದಿತ್ತು. ಅಂದರೆ ಕೈ ನಡುಗುವ ಕಾಯಿಲೆ. ಜೀವನವಿಡೀ ನಡುಕ ನಿಲ್ಲಿಸಲು ಲೆಕ್ಕ ಹಾಕಿದವರಿಗೆ ಹೀಗಾಯಿತಲ್ಲ ಎಂದು ಓದುವಾಗ ಬೇಜಾರಾಯಿತು. 1946ರಲ್ಲಿ ತೀರಿಕೊಂಡರು.

ಅವರು ತೀರಿಕೊಂಡು ಸುಮಾರು 30 ವರ್ಷಕ್ಕೆ, 1975ರಲ್ಲಿ, ಜಪಾನಿನ ಮಿತ್ಸುಬಿಷಿ ಕಂಪನಿ ಆ ಎರಡು ದಂಡಗಳನ್ನು ಮತ್ತೆ ಹೊರಗೆ ತೆಗೆಯಿತು. ಒಂದು ಬದಲಾವಣೆ ಮಾಡಿದರು: ಒಂದು ದಂಡ ಮೇಲೆ, ಇನ್ನೊಂದು ಕೆಳಗೆ. ಹೀಗಾಗಿ ಕುಣಿತದ ಜೊತೆ ಎಂಜಿನ್ ಪಕ್ಕಕ್ಕೆ ವಾಲುವುದೂ ಕಡಿಮೆಯಾಯಿತು. 'ಸೈಲೆಂಟ್ ಶಾಫ್ಟ್' ಎಂದು ಹೆಸರು. ಜರ್ಮನಿಯ ಪೋರ್ಷೆ ತನ್ನ 944 ಕಾರಿನ ದೊಡ್ಡ ನಾಲ್ಕು ಸಿಲಿಂಡರ್ ಎಂಜಿನ್‌ಗೆ ತನ್ನದೇ ಹೊಸ ದಾರಿ ಹುಡುಕುವ ಬದಲು ಮಿತ್ಸುಬಿಷಿಗೆ ದುಡ್ಡು ಕೊಟ್ಟು ಇದನ್ನೇ ತೆಗೆದುಕೊಂಡಿತು. ಈಗ ಅನೇಕ ಕಾರುಗಳಲ್ಲಿ ಈ ದಂಡಗಳಿವೆ. ಆಮೇಲಿನ ತಂತ್ರಗಳು ಇನ್ನೂ ಇವೆ. ಎದುರು ಸದ್ದು ಮಾಡಿ ಸದ್ದನ್ನು ಅಳಿಸುವ ಯೋಚನೆಗೆ ಜರ್ಮನಿಯ ಪಾಲ್ ಲ್ಯೂಗ್ 1936ರಲ್ಲೇ ಅಮೆರಿಕದಲ್ಲಿ ಪೇಟೆಂಟ್ ಪಡೆದಿದ್ದರು. ಇಂದು ಕೆಲವು ಕಾರುಗಳ ಛಾವಣಿಯಲ್ಲಿ ಮೈಕ್ ಇಟ್ಟು ಸ್ಪೀಕರಿನಿಂದ ಆ ಕೆಲಸ ಮಾಡಿಸುತ್ತಾರೆ. ಇನ್ನೊಂದು ಕಡೆ, 2011ರ ಬಿಎಂಡಬ್ಲ್ಯೂ ಎಂ5 ಕಾರಿನಲ್ಲಿ ಒಳಗೆ ಎಂಜಿನ್ ಸದ್ದು ಸಾಲದು ಎಂದು ಸ್ಪೀಕರಿನಲ್ಲಿ ಸದ್ದು ಹಾಕಿದರು. ನನಗೆ ನಗು ತಡೆಯಲಾಗಲಿಲ್ಲ.

ಇಲ್ಲಿಗೆ ಮುಗಿಸಬಹುದಿತ್ತು, ಆದರೆ ಅಜ್ಜನ ಕಿವಿಯ ಪ್ರಶ್ನೆ ಹಾಗೇ ಉಳಿಯಿತಲ್ಲ. ರಣಜಿಯವರಿಗೆ ಸದ್ದಿಲ್ಲದ ಕಾರು ಸಿಕ್ಕಿತ್ತು, 1931ರಲ್ಲಿ ಸಾಮಾನ್ಯ ಮನೆಯವರಿಗೂ ರಬ್ಬರ್ ಮೌಂಟ್ ಸಿಕ್ಕಿತು. ದಿನವಿಡೀ ಎಂಜಿನ್ ಪಕ್ಕ ಕೂತು ಕೆಲಸ ಮಾಡುವವರಿಗೆ ಯಾವಾಗ ಸಿಕ್ಕಿತು?

ಇಂಗ್ಲೆಂಡಿನ ಟ್ರ್ಯಾಕ್ಟರ್ ಕಥೆ ಇದಕ್ಕೆ ಒಳ್ಳೆಯ ಉತ್ತರ. ಟ್ರ್ಯಾಕ್ಟರ್ ಮಗುಚಿ ರೈತರು ಸಾಯುತ್ತಿದ್ದರು. ಅದಕ್ಕೆ ಸರ್ಕಾರ 1970ರ ಸೆಪ್ಟೆಂಬರಿನಿಂದ ಹೊಸ ಟ್ರ್ಯಾಕ್ಟರ್‌ಗಳಿಗೆ ಗಟ್ಟಿ ಸುರಕ್ಷಾ ಕ್ಯಾಬಿನ್ ಅಥವಾ ಚೌಕಟ್ಟು ಕಡ್ಡಾಯ ಮಾಡಿತು. ಒಳ್ಳೆಯ ಕಾನೂನು, ಪ್ರಾಣ ಉಳಿಯಿತು. ಆದರೆ ಉಕ್ಕಿನ ಕ್ಯಾಬಿನ್ನನ್ನು ನೇರವಾಗಿ ಟ್ರ್ಯಾಕ್ಟರ್ ಮೈಗೆ ಬೋಲ್ಟ್ ಹಾಕಿ ಬಿಗಿದರು. ಬಯಲಲ್ಲಿ ಕೂತಿದ್ದಾಗ ಸದ್ದು ನಾಲ್ಕು ದಿಕ್ಕಿಗೆ ಹೋಗುತ್ತಿತ್ತು. ಈಗ ರೈತ ಬುರುಡೆಯೊಳಗೆ ಕೂತ! ತಗಡೆಲ್ಲ ನಡುಗಿ ಒಳಗಿನ ಸದ್ದು ಮೊದಲಿಗಿಂತ ಹೆಚ್ಚಾಯಿತು. ಲೋಹದ ದಾರಿ ಮರೆತರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಸಿಕ್ಕಿಲ್ಲ. ಕೊನೆಗೆ 1976ರ ಜೂನ್‌ನಿಂದ ಹೊಸ ಕ್ಯಾಬಿನ್‌ಗಳಲ್ಲಿ ಚಾಲಕನ ಕಿವಿಯ ಹತ್ತಿರ 90 ಡೆಸಿಬೆಲ್ ಮೀರಬಾರದು ಎಂದು ನಿಯಮ ಬಂತು. ತಯಾರಕರು ಕ್ಯಾಬಿನ್ ಕೆಳಗೆ ರಬ್ಬರ್ ಇಟ್ಟರು, ಒಳಗೆ ಸದ್ದು ಹೀರುವ ಹೊದಿಕೆ ಹಾಕಿದರು. ಅಂದರೆ 1931ರ ಉಪಾಯ ಟ್ರ್ಯಾಕ್ಟರ್ ಓಡಿಸುವವರಿಗೆ ಸಿಗಲು 45 ವರ್ಷ ಹಿಡಿಯಿತು. ರಬ್ಬರ್ ದುಬಾರಿ ಎಂದು ಅಲ್ಲ, ಕಾನೂನು ಕೇಳುವವರೆಗೆ ಯಾರೂ ಕೇಳಲಿಲ್ಲ. ಇದು ನನ್ನ ಅಭಿಪ್ರಾಯ, ನೀವು ಒಪ್ಪದಿರಬಹುದು. ಮುಂದೆ 2005ರಲ್ಲಿ ಬ್ರಿಟನ್ನಿನ ಕೆಲಸದ ಜಾಗಗಳಿಗೆ ಇನ್ನೂ ಬಿಗಿ ನಿಯಮ ಬಂತು: ದಿನದ ಸರಾಸರಿ 85 ಡೆಸಿಬೆಲ್ ಮುಟ್ಟಿದರೆ ಮಾಲೀಕರು ಸದ್ದು ಕಡಿಮೆ ಮಾಡಲು ಕ್ರಮ ತೆಗೆದುಕೊಳ್ಳಬೇಕು, ಕಿವಿಗೆ ರಕ್ಷಣೆ ಕೊಡಲೇಬೇಕು. ಡೆಸಿಬೆಲ್ ಲೆಕ್ಕ ಮೋಸ ಮಾಡುತ್ತದೆ, ನೆನಪಿಡಿ. 3 ಹೆಚ್ಚಾದರೆ ಸದ್ದಿನ ಶಕ್ತಿ ಎರಡರಷ್ಟು.

ಅಜ್ಜನ ಬಸ್ಸಿಗೆ ಮರಳೋಣ. ಅಂಥ ಬಸ್ಸುಗಳಲ್ಲಿ ಎಂಜಿನ್ ಮತ್ತು ಚಾಸಿಸ್ ಒಂದು ಕಡೆಯಿಂದ ಬರುತ್ತಿತ್ತು, ಮೇಲಿನ ಬಾಡಿಯನ್ನು ಬೇರೆ ಕಡೆ ಕಟ್ಟಿಸುತ್ತಿದ್ದರು. ತಗಡು, ರಿವೆಟ್, ಕಿಟಕಿ ಶಟರ್, ಮೇಲೆ ಲಗೇಜ್ ಕ್ಯಾರಿಯರ್. ಒಂದೊಂದೂ ತನ್ನದೇ ಸ್ವರದಲ್ಲಿ ಗಲಗಲ ಅನ್ನುವ ಬುರುಡೆ. ಘಾಟಿ ಹತ್ತುವಾಗ ಎರಡನೇ ಗೇರಿನಲ್ಲಿ ಎಂಜಿನ್ ಕೂಗುತ್ತಲೇ ಇರುತ್ತಿತ್ತು. "ಕಿವಿಗೆ ಹತ್ತಿ ಇಟ್ಕೊಳ್ಳೋದಲ್ವಾ ಅಜ್ಜ?" ಎಂದು ಕೇಳಿದೆ. "ಹತ್ತಿ ಇಟ್ಕಂಡ್ರೆ ಗಾಡಿ ಏನ್ ಹೇಳ್ತದೆ ಅಂತ ಹ್ಯಾಗೆ ಕೇಳಬೇಕು?" ಅಂದರು. ಬೇರಿಂಗ್ ಹೋಗುವ ಮೊದಲು ಒಂದು ಸದ್ದು ಬರುತ್ತದಂತೆ, ನಾಝಲ್ ಕೆಟ್ಟರೆ ಇನ್ನೊಂದು. ಎಂಜಿನ್ ಮೇಲೆ ಉದ್ದ ಸ್ಕ್ರೂಡ್ರೈವರ್ ಇಟ್ಟು ಅದರ ಹಿಡಿಗೆ ಕಿವಿ ಕೊಟ್ಟು ಯಾವ ಸಿಲಿಂಡರಿನ ತೊಂದರೆ ಎಂದು ಹೇಳುವ ಮೆಕ್ಯಾನಿಕ್ ಒಬ್ಬರು ಅವರ ಡಿಪೋದಲ್ಲಿದ್ದರಂತೆ. ಲೋಹದ ದಾರಿ ಎಂದು ನಾನು ಇಷ್ಟು ಉದ್ದ ಬರೆದದ್ದು ಆ ಮೆಕ್ಯಾನಿಕ್‌ಗೆ ಆಗಲೇ ಗೊತ್ತಿತ್ತು.

ಈಗ ಎಲೆಕ್ಟ್ರಿಕ್ ಕಾಲ. ಬೆಂಗಳೂರಿನಲ್ಲಿ 2001ರಲ್ಲಿ ಬಂದ ಪುಟ್ಟ ರೇವಾ ಕಾರನ್ನು ನಿಮ್ಮ ಅಪ್ಪ ಅಮ್ಮ ನೋಡಿರಬಹುದು, ಅದೇ ಕಾರು ಲಂಡನ್‌ನಲ್ಲಿ ಜಿ-ವಿಜ್ ಎಂಬ ಹೆಸರಿನಲ್ಲಿ ಓಡಿತು. ಪಿಸ್ಟನ್ ಇಲ್ಲ, ಕುಣಿತ ಇಲ್ಲ. ಈಗ ನಿಶ್ಶಬ್ದವೇ ತೊಂದರೆಯಾಗಿ, ರಸ್ತೆ ದಾಟುವವರಿಗೆ ಕೇಳಲಿ ಎಂದು ಯುರೋಪಿನಲ್ಲಿ 2019ರಿಂದ ಹೊಸ ಮಾದರಿಯ ಎಲೆಕ್ಟ್ರಿಕ್ ಕಾರುಗಳು ನಿಧಾನವಾಗಿ ಹೋಗುವಾಗ ಬೇಕೆಂದೇ ಸದ್ದು ಮಾಡಬೇಕು.

ಕಳೆದ ಬೇಸಿಗೆಯಲ್ಲಿ ಅಜ್ಜ ಇಲ್ಲಿಗೆ ಬಂದಿದ್ದರು. ಅವರನ್ನು ಎಲೆಕ್ಟ್ರಿಕ್ ಬಸ್ ಹತ್ತಿಸಿದೆ. ಮುಂದಿನ ಸೀಟೇ ಬೇಕೆಂದು ಕೂತರು. ಬಸ್ ಹೊರಟು ಎರಡು ಸ್ಟಾಪ್ ದಾಟಿದ ಮೇಲೆ ನನ್ನ ಕಡೆ ತಿರುಗಿ, "ಸದ್ದೇ ಇಲ್ಲ. ಈ ಮಾರಾಯ ಗೇರ್ ಯಾವಾಗ ಬದಲಾಯಿಸ್ತಾನೆ ಅಂತ ಗೊತ್ತಾಗೋದು ಹ್ಯಾಗೆ?" ಅಂದರು. ಇದರಲ್ಲಿ ಬದಲಾಯಿಸುವ ಗೇರೇ ಇಲ್ಲ ಅಜ್ಜ ಎಂದೆ. ನಾನು ಅವರ ಎಡಗಡೆ ಕೂತಿದ್ದೆ. ಕೇಳಿಸಿತೋ ಇಲ್ಲವೋ, ಅವರು ಡ್ರೈವರಿನ ಎಡಗಾಲನ್ನೇ ನೋಡುತ್ತಿದ್ದರು.